ಬರಿಗಾಲಲ್ಲಿ ಓಡಿದ ಇಬ್ಬರು

ಹೋದ ತಿಂಗಳು ಒಂದು ಬುಧವಾರ ನಾನು ಮೂರು ನಿಮಿಷ ಕಳ್ಳನಾಗಿದ್ದೆ. ನನ್ನ ಜೊತೆಗಿದ್ದ ಬೊಮ್ಮ ಮಧ್ಯಾಹ್ನ ಒಂದು ಗಂಟೆಯವರೆಗೂ ಕಳ್ಳನಾಗಿದ್ದ. ಇಬ್ಬರೂ ಮಾಡಿದ ತಪ್ಪು ಒಂದೇ. ಬರಿಗಾಲಲ್ಲಿ ರಸ್ತೆಯ ಮೇಲೆ ಓಡಿದ್ದು.

ಕೋಪ ಇನ್ನೂ ಇಳಿದಿಲ್ಲ. ಈ ವಾರ ತಮಾಷೆ ಓದಲು ಕೂತವರು ದಯವಿಟ್ಟು ಕ್ಷಮಿಸಬೇಕು.

ಮೊದಲಿಂದ ಹೇಳುತ್ತೇನೆ. ನಾನು ಹೆಗ್ಗಡದೇವನಕೋಟೆಯಲ್ಲಿ ಮೇಷ್ಟ್ರು ಎನ್ನುವುದು ನಿಮಗೆ ಗೊತ್ತು. (ಹೊಸ ಓದುಗರಿಗೆ: ಸ್ಕೂಲಿನಲ್ಲಿ ಗಣಿತ, ಮನೆಯಲ್ಲಿ ಮೌನ.) ನಲವತ್ತೈದು ದಾಟಿದ ಮೇಲೆ ನನ್ನ ಹೊಟ್ಟೆ ಮೇಜಿಗೆ ತಾಗಲು ಶುರುವಾಯಿತು. ಮೈಸೂರಿನ ಡಾಕ್ಟರು ಬಿ.ಪಿ. ನೋಡಿ ಮುಖ ಗಂಟು ಹಾಕಿಕೊಂಡು, ದಿನಾ ಬೆಳಿಗ್ಗೆ ಸ್ವಲ್ಪ ಓಡಿ ಎಂದರು. ಬಸ್ಸು ಹತ್ತುವ ಮೊದಲು ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಕೊಂಡೆ. ಮಾರನೆಯ ದಿನದಿಂದಲೇ ಅಂತರಸಂತೆ ರಸ್ತೆಯಲ್ಲಿ ನನ್ನ ಓಟ.

ಊರು ಗೌರವದಿಂದಲೇ ನೋಡಿತು. ಹಾಲಿನ ಸೈಕಲ್ಲಿನವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹೋಟೆಲಿನ ಯಜಮಾನರು ಬಾಗಿಲಿಗೆ ನೀರು ಹಾಕುವುದನ್ನು ನಿಲ್ಲಿಸಿ ನಮಸ್ಕಾರ ಹೇಳಿದರು. ಮೇಷ್ಟ್ರು ಎಕ್ಸರ್ಸೈಜ್ ಮಾಡುತ್ತಿದ್ದಾರೆ ಎಂದು ಎಲ್ಲರಿಗೂ ಹೇಳದೆಯೇ ತಿಳಿಯಿತು.

ಮೂರನೆಯ ವಾರಕ್ಕೆ ಹಿಮ್ಮಡಿ ಹಿಡಿದುಕೊಂಡಿತು. ಆಮೇಲೆ ಮಂಡಿ. ಮೆಟ್ಟಿಲು ಇಳಿಯಲು ಗೋಡೆ ಬೇಕಾಯಿತು. ನನ್ನ ಹೆಂಡತಿ ಹರಳೆಣ್ಣೆ ಬಿಸಿ ಮಾಡಿ ಕೊಟ್ಟು, ಓಟ ಬಿಟ್ಟು ಊಟ ಕಡಿಮೆ ಮಾಡಿ ಎಂದಳು. ಮೊದಲನೆಯದನ್ನು ಬಿಡಬಹುದಿತ್ತು. ಎರಡನೆಯದಕ್ಕೆ ಮನಸ್ಸು ಒಪ್ಪಲಿಲ್ಲ.

ದಿನಾ ಒಬ್ಬಾತ ಹಿಂದಿನಿಂದ ಬಂದು ನನ್ನನ್ನು ದಾಟಿಕೊಂಡು ಹೋಗುತ್ತಿದ್ದ. ನನ್ನದೇ ವಯಸ್ಸು. ಮೇಲೆತ್ತಿ ಕಟ್ಟಿದ ಪಂಚೆ, ಹೆಗಲಿಗೆ ಟವಲಿನಲ್ಲಿ ಗಂಟು ಹಾಕಿದ ಮುದ್ದೆ, ಬರಿಗಾಲು. ಪಕ್ಕಕ್ಕೆ ಬರುವವರೆಗೂ ಅವನು ಬರುತ್ತಿರುವುದೇ ತಿಳಿಯುತ್ತಿರಲಿಲ್ಲ, ಅಷ್ಟು ಹಗುರ ಹೆಜ್ಜೆ. ಅವನೇ ಬೊಮ್ಮ. ಕಾಡಂಚಿನ ಜೇನುಕುರುಬರ ಹಾಡಿಯವನು. ಒಬ್ಬ ಕಂಟ್ರಾಕ್ಟರನ ರಸ್ತೆ ಕೆಲಸದಲ್ಲಿ ಜಲ್ಲಿ ಒಡೆಯುತ್ತಿದ್ದ. ಹಾಡಿಯಿಂದ ಅಲ್ಲಿಗೆ ಐದು ಮೈಲಿ. ಏಳು ಗಂಟೆಗೆ ಮೇಸ್ತ್ರಿ ಹೆಸರು ಕೂಗುವಾಗ ಎದುರಿಗಿಲ್ಲದಿದ್ದರೆ ಆ ದಿನ ಕೆಲಸವಿಲ್ಲ. ಬೆಳಕಾಗುವ ಮುಂಚೆ ಹೊರಡೋಣವೆಂದರೆ ದಾರಿಯಲ್ಲಿ ಆನೆ. ಹಾಗಾಗಿ ಓಡಲೇಬೇಕು. ಅವನ ಓಟಕ್ಕೆ ಯಾವ ಡಾಕ್ಟರೂ ಚೀಟಿ ಬರೆದಿರಲಿಲ್ಲ.

ಒಂದು ದಿನ ನಾನು ಮೋರಿ ಕಟ್ಟೆಯ ಮೇಲೆ ಕೂತು ಹಿಮ್ಮಡಿ ತಿಕ್ಕಿಕೊಳ್ಳುತ್ತಿದ್ದಾಗ ಅವನು ನಿಂತ.

“ಬುದ್ಧೀ, ನೀವು ಓಡೋ ಸದ್ದು ನಮ್ಮ ಹಾಡಿಗಂಟ ಕೇಳ್ತದೆ,” ಎಂದ. “ಅಂಗೆ ಇಮ್ಮಡೀಲಿ ಕುಟ್ಟುದ್ರೆ ಕಾಲು ಏನಾಗ್ಬೇಕು? ಅದ ಬಿಚ್ಚಿ ಓಡ್ನೋಡಿ.”

ಬಿಚ್ಚಿದೆ. ಮೊದಲ ದಿನ ನೂರು ಗಜ. ಒಂದೊಂದು ಕಲ್ಲೂ ತನ್ನ ಹೆಸರು ಹೇಳಿತು. ಬೊಮ್ಮ ಮುಂದೆ ಓಡಿ ತೋರಿಸಿದ: ಹೆಜ್ಜೆ ಚಿಕ್ಕದಿರಬೇಕು, ಮುಂಗಾಲು ಮೊದಲು ತಾಗಬೇಕು, ಮಂಡಿ ಸೆಟೆಯಬಾರದು. ಎರಡು ವಾರ ಬೊಬ್ಬೆ, ಮುಳ್ಳು, ಮೀನಖಂಡದಲ್ಲಿ ನೋವು. ಎರಡು ತಿಂಗಳಾಗುವಾಗ ಮಂಡಿ ನೋವು ಇದ್ದದ್ದೇ ಮರೆತುಹೋಗಿತ್ತು. ಬೊಮ್ಮನ ಜೊತೆಗೆ ಒಂದು ಮೈಲಿ ಓಡುವಷ್ಟಾದೆ. (ಅವನು ನನಗಾಗಿ ನಿಧಾನ ಮಾಡುತ್ತಿದ್ದ ಎನ್ನುವುದು ಬೇರೆ ಮಾತು.)

ಆದರೆ ಶೂ ಜೊತೆಗೆ ಗೌರವವೂ ಕಳಚಿಕೊಂಡಿತ್ತು. ಹಾಲಿನವರು ಮೊದಲ ಸಲ ನನ್ನ ಹಿಂದೆ ಸೈಕಲ್ ಬೆಲ್ಲು ಬಾರಿಸಿದರು. ಮೇಷ್ಟ್ರಿಗೆ ಏನಾದರೂ ಹರಕೆಯಾ ಎಂದು ಹೋಟೆಲಿನ ಯಜಮಾನರು ನನ್ನ ಹೆಂಡತಿಯನ್ನು ವಿಚಾರಿಸಿದರು. ಹಂಪಾಪುರದಿಂದ ನಮ್ಮ ಸ್ಕೂಲಿಗೆ ಬರುವ ಹುಡುಗಿಯೊಬ್ಬಳ ತಂದೆ, ಕಾಲಿಗೆ ಏನೂ ಇಲ್ಲದೆ ಬೀದಿಯಲ್ಲಿ ಓಡುವವರು ನಮ್ಮ ಮಕ್ಕಳಿಗೆ ಏನು ಶಿಸ್ತು ಕಲಿಸುತ್ತಾರೆ ಎಂದು ಕೇಳಿದರಂತೆ. ನಾನು ನಕ್ಕು ಸುಮ್ಮನಾದೆ. ನಗಬಾರದಿತ್ತು ಎಂದು ಆ ಬುಧವಾರ ಗೊತ್ತಾಯಿತು.

ಅವತ್ತು ಮಂಜು. ರಸ್ತೆಯಲ್ಲಿ ಅರಣ್ಯ ಇಲಾಖೆಯ ಒಂದು ನಾಕಾ ಇದೆ. (ಯಾವುದು ಎಂದು ಬರೆಯುವುದಿಲ್ಲ. ಗಾರ್ಡಿನ ಹೆಸರೂ ಬೇಡ. ಹೆಸರು ಬದಲಾದರೆ ಬುದ್ಧಿ ಬದಲಾಗುತ್ತದೆಯೇ?) ಹಿಂದಿನ ದಿನ ಯಾರೋ ಗಂಧದ ಕೊರಡು ಕದ್ದು ಸಾಗಿಸಿದ್ದರಂತೆ. ಹೊಸ ಗಾರ್ಡು ಸೀಟಿ ಊದಿ ಅಡ್ಡ ಬಂದ. ನನ್ನ ರಟ್ಟೆ ಹಿಡಿದ. ಇಬ್ಬರ ಅಂಗೈಗಳನ್ನೂ ಮೂಗಿನ ಹತ್ತಿರ ಎಳೆದು ಮೂಸಿದ. ನನ್ನದರಲ್ಲಿ ಹಲ್ಲುಪುಡಿ, ಬೊಮ್ಮನದರಲ್ಲಿ ಬೀಡಿ. ಗಂಧ ಇಬ್ಬರಲ್ಲೂ ಇರಲಿಲ್ಲ.

ನನಗೆ ಸಿಟ್ಟು ಬಂದು ಇಂಗ್ಲಿಷಿನಲ್ಲಿ ನಾನು ಯಾರೆಂದು ಹೇಳಿದೆ. ಅವನ ಕೈ ತಾನಾಗಿ ಬಿಟ್ಟಿತು.

“ಸಾರಿ ಸಾರ್. ಬರಿಗಾಲಲ್ಲಿದ್ರಿ, ಗೊತ್ತಾಗ್ಲಿಲ್ಲ.”

ಇನ್ನು ಮೇಲೆ ನೋಡಿ ಮಾತಾಡು ಎಂದು ಗದರಿ ನಾನು ಹೊರಟೆ. ಹೌದು, ಹೊರಟೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಬೇರೆಯವರ ಮೇಲೆ ರೇಗುವವನು ತನ್ನದನ್ನೂ ಹೇಳಬೇಕು. ಬೊಮ್ಮ ಹಿಂದೆ ಬರುತ್ತಿದ್ದಾನೆ ಎಂದುಕೊಂಡೆ. ಅವನ ಹೆಜ್ಜೆ ಹೇಗೂ ಕೇಳಿಸುವುದಿಲ್ಲವಲ್ಲ. ತಿರುವಿನವರೆಗೂ ಹೋಗಿ ತಿರುಗಿ ನೋಡಿದರೆ, ಅವನು ನಾಕಾದ ಜಗಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಗಾರ್ಡು ಮುದ್ದೆಯ ಗಂಟು ಬಿಚ್ಚುತ್ತಿದ್ದ.

ವಾಪಸು ಓಡಿದೆ. ಇವನನ್ನು ಯಾಕೆ ಕೂರಿಸಿದ್ದೀಯ ಎಂದು ಕೇಳಿದೆ. ಅವನು ಯಾಕೆ ಓಡುತ್ತಿದ್ದ ಎಂದು ವಿಚಾರಿಸಬೇಕಂತೆ. ನನ್ನನ್ನು ವಿಚಾರಿಸಲಿಲ್ಲವಲ್ಲ? ನೀವು ಎಕ್ಸರ್ಸೈಜ್ ಅಲ್ವಾ ಸಾರ್ ಎಂದ. ಸರಿ, ಹಾಗಾದರೆ ಈಗಲೇ ವಿಚಾರಿಸು ಎಂದೆ.

“ಕೆಲ್ಸಕ್ಕೆ ವೊತ್ತಾಯ್ತದೆ ಅಂತ ಓಡ್ದೆ ಸ್ವಾಮಿ,” ಎಂದ ಬೊಮ್ಮ.

“ಮೇಷ್ಟ್ರು ಯಾಕೆ ನಿನ್ ಜೊತೆ ಓಡ್ತಿದ್ರು?”

“ಅವ್ರಿಗೆ ವೊಟ್ಟೆ ಕರಗ್ಬೇಕಂತೆ.”

ಯಾರೂ ನಗಲಿಲ್ಲ. ರೇಂಜರ್ ಸಾಹೇಬರು ಬರುವವರೆಗೆ ಬಿಡುವ ಹಾಗಿಲ್ಲ ಎಂದು ಗಾರ್ಡು ತೀರ್ಮಾನಿಸಿದ. ನಾನೂ ಹೋಗುವುದಿಲ್ಲ ಎಂದೆ. ರಜೆಯ ಚೀಟಿ ಬರೆದು ಬಸ್ಸಿನ ಕಂಡಕ್ಟರ್ ಕೈಲಿ ಸ್ಕೂಲಿಗೆ ಕಳಿಸಿದೆ. ಒಳಗಿನಿಂದ ಕುರ್ಚಿ ಬಂತು. ಒಂದೇ ಕುರ್ಚಿ. ಸ್ವಲ್ಪ ಹೊತ್ತು ಅದರಲ್ಲಿ ಕೂತೂ ಇದ್ದೆ. ಆಮೇಲೆ ಕೂರಲಾಗದೆ ಕೆಳಗೆ ಅವನ ಪಕ್ಕ ಕೂತೆ. ಅದರಿಂದ ಅವನಿಗೆ ಇನ್ನಷ್ಟು ಮುಜುಗರವಾಯಿತು.

ಹನ್ನೊಂದರ ಹೊತ್ತಿಗೆ ಬೊಮ್ಮನ ಹೆಂಡತಿ ಕಾಳಿ ಬಂದಳು. ಅವನು ಕೆಲಸಕ್ಕೆ ಬರಲಿಲ್ಲವೆಂದು ಯಾರೋ ಹಾಡಿಗೆ ಸುದ್ದಿ ಮುಟ್ಟಿಸಿದ್ದರು. ಹಾಡಿಯಿಂದ ದಾರಿಯುದ್ದಕ್ಕೂ ಪೊದೆಪೊದೆ ನೋಡುತ್ತ ಬಂದಿದ್ದಳು. ಗಂಡನನ್ನು ಕಂಡು ನೇರವಾಗಿ ಬಂದು ಅವನ ಪಕ್ಕ ಕೂತಳು.

“ಆನೆ ತುಳೀತೇನೋ ಅಂದ್ಕಂಡಿದ್ದೆ,” ಎಂದಳು. ಗಾರ್ಡನ್ನು ನೋಡಲೂ ಇಲ್ಲ.

ಒಂದು ಗಂಟೆಗೆ ಸಾಹೇಬರ ಜೀಪು ಬಂತು. ನನ್ನ ಕೈ ಕುಲುಕಿದರು. ತೊಂದರೆಯಾಯಿತು ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು. ಬೊಮ್ಮನಿಗೆ ಕನ್ನಡದಲ್ಲಿ ಹೇಳಿದ್ದು ಒಂದೇ ಮಾತು: ಇನ್ನು ಮೇಲೆ ಈ ರಸ್ತೆಯಲ್ಲಿ ಓಡಬೇಡ, ನಡೆದುಕೊಂಡು ಹೋಗು. ಅವನ ಹತ್ತಿರವೂ ಕ್ಷಮೆ ಕೇಳಬಹುದಲ್ಲ ಎಂದೆ. ಅವನಿಗೇನೂ ಬೇಜಾರಿಲ್ಲ ಬಿಡಿ ಎಂದರು, ಅವನನ್ನು ಕೇಳದೆಯೇ.

ನಾನು ದಾರಿಯಲ್ಲಿ ಕೇಳಿದೆ.

“ಬೇಜಾರಾಗ್ದೆ ಇರ್ತದಾ ಬುದ್ಧಿ,” ಎಂದ ಬೊಮ್ಮ. “ಬೇಜಾರು ಅಂತ ಅಂದ್ರೆ ನಾಳೆನೂ ಕೂರುಸ್ತಾರೆ.”

ಕೂರಿಸಲಿಲ್ಲ. ಅದಕ್ಕಿಂತ ಸುಲಭದ ದಾರಿ ಇತ್ತು. ಮಾರನೆಯ ದಿನ ಅವನು ಅಪ್ಪಣೆಯಂತೆ ನಡೆದುಕೊಂಡು ಹೋದ. ತಡವಾಯಿತು. ಮೇಸ್ತ್ರಿ ವಾಪಸು ಕಳಿಸಿದ. ಅದರ ಮರುದಿನವೂ ಹಾಗೇ. ಮೂರನೆಯ ದಿನ ಅವನ ಜಾಗದಲ್ಲಿ ಬೇರೊಬ್ಬ ಕೂತು ಜಲ್ಲಿ ಒಡೆಯುತ್ತಿದ್ದ. ನಾನು ಹೋಗಿ ಮೇಸ್ತ್ರಿಯ ಹತ್ತಿರ ನಡೆದದ್ದೆಲ್ಲ ಹೇಳಿದೆ. ಟೈಮು ಅಂದ್ರೆ ಟೈಮು ಸಾರ್, ನೀವೇ ಮಕ್ಕಳಿಗೆ ಹೇಳಿಕೊಡೋದಲ್ವಾ ಎಂದ.

ಸಾಹೇಬರಿಗೆ ಕಾಗದ ಬರೆದೆ. ಬೊಮ್ಮ ಓಡಬಹುದು ಎಂದು ನಾಕಾಕ್ಕೆ ಒಂದು ಸಾಲು ಬರೆದು ಕೊಡಿ ಎಂದು ಬೇಡಿಕೊಂಡೆ. ಉತ್ತರ ಬಂತು. ಬಹಳ ಮರ್ಯಾದೆಯ ಕಾಗದ. ತಮ್ಮಂಥವರು ವ್ಯಾಯಾಮಕ್ಕೆ ಹೊರಡುವಾಗ ಸೂಕ್ತ ಪಾದರಕ್ಷೆ ಧರಿಸಿದರೆ ಇಂಥ ಅಚಾತುರ್ಯ ತಪ್ಪುತ್ತದೆ ಎಂದಿತ್ತು. ಬೊಮ್ಮನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ರಸ್ತೆ ಬದಿಯ ಕಾಲುಗಳನ್ನೊಮ್ಮೆ ನೋಡಿ. ಎಷ್ಟು ಕಾಲಿಗೆ ಚಪ್ಪಲಿ ಇದೆ? ಅವರಿಗೂ ಅವಸರ ಬರುವುದಿಲ್ಲವೇ? ಬಸ್ಸು ತಪ್ಪಿಹೋಗುತ್ತದೆ, ಮಗುವಿಗೆ ಜ್ವರ ಏರುತ್ತದೆ, ಸೂಲಗಿತ್ತಿಯನ್ನು ಕರೆಯಬೇಕಾಗುತ್ತದೆ. ಆಗೆಲ್ಲ ಅವರು ಮೊದಲು ಯಾರದೋ ಮೂಗಿಗೆ ಅಂಗೈ ಒಡ್ಡಬೇಕೇ?

ಶೂ ಹಾಕಿಕೊಂಡುಬಿಡಿ, ರಗಳೆ ಯಾಕೆ ಎಂದು ಸ್ಟಾಫ್ ರೂಮಿನಲ್ಲಿ ಸ್ನೇಹಿತರು ಬುದ್ಧಿ ಹೇಳಿದರು. ನಾನು ಹಾಕಿಕೊಳ್ಳಬಲ್ಲೆ. ಅದೇ ನನ್ನ ಸಿಟ್ಟು.

ಹೋದ ಭಾನುವಾರ ಬೊಮ್ಮ, ಕಾಳಿ ಇಬ್ಬರೂ ಕೊಡಗಿನ ಕಾಫಿ ತೋಟದ ಕೆಲಸಕ್ಕೆಂದು ಲಾರಿ ಹತ್ತಿದರು. ಲಾರಿಯವನು ಅವಸರ ಮಾಡುತ್ತ ಹಾರ್ನ್ ಹೊಡೆದ. ಬೊಮ್ಮ ಓಡಲಿಲ್ಲ. ಎರಡೂ ಕಡೆ ನೋಡಿಕೊಂಡು, ನಿಧಾನವಾಗಿ ನಡೆದು ಹೋಗಿ ಹತ್ತಿದ.

ನಾನು ಈಗಲೂ ಬರಿಗಾಲಲ್ಲೇ ಓಡುತ್ತೇನೆ, ಆ ಗಾರ್ಡು ಸೆಲ್ಯೂಟ್ ಹೊಡೆಯುತ್ತಾನೆ. ಕಲಿತವನು ಓಡಬಹುದು, ಕಲಿಸಿದವನು ನಡೆಯಬೇಕು ಎನ್ನುವ ಕಾನೂನು ಯಾವ ಪುಸ್ತಕದಲ್ಲಿದೆ ಸ್ವಾಮಿ?