ಹಸು ಕಟ್ಟದ ಗ್ಯಾರೇಜು

ಹಳೆಯ ಕಾರು ಮಾರೋಣ ಎಂದು ಮೊನ್ನೆ ಡಿಕ್ಕಿ ಖಾಲಿ ಮಾಡುತ್ತಿದ್ದೆ. ಸ್ಟೆಪ್ನಿ ಎತ್ತಿದರೆ ಕೆಳಗೆ ಒಂದು ಹಿಡಿ ಬೂಸಾ. ಎಷ್ಟು ಮಳೆಗಾಲ ಕಂಡಿತ್ತೋ ಏನೋ, ಹುಳಿ ವಾಸನೆ ಹಿಡಿದಿತ್ತು. ಮಗಳು ಮೂಗು ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಅಲ್ಲೇ ನಿಂತುಬಿಟ್ಟೆ... ಹಾಲಿನಮ್ಮ ನೆನಪಾದರು.

ಧಾರವಾಡದ ಕಡೆಯಿಂದ ಕೆಲಸಕ್ಕೆಂದು ಬಂದು ಪುಟ್ಟೇನಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಾಗ ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಅವರ ಹಿತ್ತಲಿತ್ತು. ಸುತ್ತಲಿನ ಹೊಲಗಳೆಲ್ಲ ಲೇಔಟಾಗಿದ್ದವು. ಆ ಹಿತ್ತಲು, ಎರಡು ಹಸು ಮಾತ್ರ ಹಾಗೇ ಉಳಿದಿದ್ದವು. ಬೆಳಿಗ್ಗೆ ಹಾಲು ಅಳೆದು, ಮೇಲೊಂದಿಷ್ಟು ಕೊಸರು ಸುರಿದು, "ಏನ್ ಟೀಚರಮ್ಮಾ, ನಿಮ್ ಕಡೆ ಜನ ಜಗಳಕ್ಕೆ ನಿಂತಂಗೇ ಮಾತಾಡ್ತೀರಲ್ಲ" ಎಂದು ನಗುತ್ತಿದ್ದರು. ನನ್ನ ಗಂಟಲೇ ಹಾಗೆ, ಏನು ಮಾಡಲಿ!

ಆ ಲೇಔಟಿನಲ್ಲಿ ಯಾರೇ ಮನೆ ಕಟ್ಟಲಿ, ಗೃಹಪ್ರವೇಶಕ್ಕೆ ಹಾಲಿನಮ್ಮನ ಕೆಂದ ಹಸುವೇ ಆಗಬೇಕು. ಹೊಸ ಮನೆಯೊಳಗೆ ಮೊದಲು ಹಸು ಕಾಲಿಡಬೇಕಲ್ಲ! ಗ್ರಾನೈಟಿನ ಮೇಲೆ ಜಾರದಿರಲೆಂದು ಗೋಣಿಚೀಲ ಹಾಸಿ ಮೆಲ್ಲಗೆ ನಡೆಸಿಕೊಂಡು ಹೋಗುತ್ತಿದ್ದರು. ಅದು ನಡುಮನೆಯಲ್ಲೇ ಸಗಣಿ ಹಾಕಿದರಂತೂ ಮನೆಯವರಿಗೆ ಪರಮಾನಂದ, ಲಕ್ಷ್ಮಿ ಬಂದಳೆಂದು. ಅದೇ ಸಗಣಿ ಹಾಲಿನಮ್ಮನ ಹಿತ್ತಲಲ್ಲಿ ಬಿದ್ದರೆ ಮಾತ್ರ ಅವರಿಗೆಲ್ಲ ತಡೆಯಲಾಗದ ನಾತ.

ಒಂದು ಮುಂಗಾರಿನ ಗಾಳಿಗೆ ಕೊಟ್ಟಿಗೆಯ ಶೀಟು ಹಾರಿ ಗೋಡೆ ಕುಸಿಯಿತು. ಕೆಂದ ಹಸು ಆಗ ತುಂಬು ಗಬ್ಬ. ಹೊಸ ಕೊಟ್ಟಿಗೆಗೆ ಇಟ್ಟಿಗೆ ಬಂದು ಇಳಿದದ್ದೇ ತಡ, ಎದುರು ಮನೆ ಯಜಮಾನರು ದೂರು ಕೊಟ್ಟರು. ಪರ್ಮಿಶನ್ ಇಲ್ಲದೆ ಕಟ್ಟಕೂಡದು ಎಂದು ಪಾಲಿಕೆ ಕಚೇರಿಯವರು ಹೇಳಿಹೋದರು. ಹಸುಗಳು ಟಾರ್ಪಾಲಿನ ಕೆಳಗೆ ಕೆಸರಲ್ಲಿ ನಿಂತವು. ಮಲಗಲು ಒಣ ಜಾಗವಿರಲಿಲ್ಲ. ಹಾಲಿನಮ್ಮನ ಜೊತೆ ನಾನೂ ಕಚೇರಿಗೆ ಅಲೆದೆ. ಸಾಹೇಬರು ಮೀಟಿಂಗಿನಲ್ಲಿ, ಸಾಹೇಬರು ಸೈಟಿನಲ್ಲಿ, ಸಾಹೇಬರು ಊಟಕ್ಕೆ... ಕೊನೆಗೆ ಪ್ಲಾನ್ ಬರೆದುಕೊಡುವವನೇ ಪಿಸುಗುಟ್ಟಿದ. "ಮನೆಗಳ ಮಧ್ಯೆ ಕೊಟ್ಟಿಗೆಗೆ ಸ್ಯಾಂಕ್ಷನ್ ಆಗಲ್ಲ ಕಣಮ್ಮ. ಕಾರ್ ಗ್ಯಾರೇಜ್ ಅಂತ ಹಾಕ್ತೀನಿ, ಸುಮ್ನಿರಿ."

"ನಂತಾವ ಎಲ್ಲೈತಪ್ಪಾ ಕಾರು?" ಎಂದರು ಹಾಲಿನಮ್ಮ.

"ನಂದ ಐತಲ್ರೀ" ಎಂದೆ ನಾನು.

ಗ್ಯಾರೇಜಿಗೆ ಪರ್ಮಿಶನ್ ಸಿಕ್ಕಿತು, ಗೋಡೆ ಎದ್ದಿತು, ಶೀಟೂ ಹೊದಿಸಿದ್ದಾಯಿತು. ಅಧಿಕಾರಿ ಬಂದು ನೋಡಿಹೋಗುವುದೊಂದು ಬಾಕಿ. ಅವರು ಬರುವ ಬೆಳಿಗ್ಗೆ ನನ್ನ ಕಾರನ್ನು ಒಳಗೆ ನಿಲ್ಲಿಸಿ, ಹಸುಗಳನ್ನು ನಮ್ಮ ಮನೆ ಹಿಂದೆ ಕಟ್ಟುವುದೆಂದು ಮಾತಾಗಿತ್ತು. ನಾನು ಕಾರು ಸ್ಟಾರ್ಟ್ ಮಾಡಿದರೆ ಹಾಲಿನಮ್ಮ ಅಡ್ಡ ನಿಂತರು.

"ಅಸ ಓಗ್ದಿರೋ ಮನೇಗೆ ಕಾರು ನುಗ್ಗಿಸ್ತೀರಾ? ಊರೋರ್ ಮನೆ ಒಕ್ಕಲಿಗೆಲ್ಲ ಓಗ್ಬಂದೈತೆ. ಇದು ಅದ್ರುದೇ ಮನೆ, ಟೀಚರಮ್ಮ."

ನಾನು ಎಷ್ಟು ಬಡಕೊಂಡರೂ ಕೇಳಲಿಲ್ಲ. ಹೊಸ್ತಿಲಿಗೆ ಅರಿಶಿನ ಹಚ್ಚಿ, ಕೆಂದ ಹಸುವನ್ನು ಒಳಗೆ ಕರೆದರು. ಅದು ಹೋಯಿತು, ಗೋಡೆ ಮೂಸಿತು. ಎಷ್ಟೊಂದು ಮನೆಗಳಿಗೆ ಹೋಗಿಬಂದರೂ ಎಲ್ಲೂ ಕೂರದ ಪ್ರಾಣಿ, ಒಣ ನೆಲ ಕಂಡದ್ದೇ ಮುಂಗಾಲು ಮಡಚಿ ಮಲಗಿಯೇಬಿಟ್ಟಿತು.

ಸರಿಯಾಗಿ ಆಗಲೇ ಅಧಿಕಾರಿ ಬಂದರು. ಹಿಂದೆ ಎದುರು ಮನೆ ಯಜಮಾನರು. ಕೆಟ್ಟ ಮನುಷ್ಯರಲ್ಲ ಆ ಅಧಿಕಾರಿ. ಚಪ್ಪಲಿ ಬಿಟ್ಟು ಹಸುವಿಗೆ ಕೈಮುಗಿದರು. "ಅಮ್ಮಾ, ಗೃಹಪ್ರವೇಶಕ್ಕೆ ಹಸು ಬರೋದು ಪದ್ಧತಿ, ನಾನು ಬೇಡ ಅನ್ನಲ್ಲ. ಆದ್ರೆ ಈಗ ಎಬ್ಬಿಸಿ. ಇಲ್ಲೇ ಕಟ್ಟಿದ್ರೆ ಒಡೆಸ್ಬೇಕಾಗುತ್ತೆ" ಎಂದರು.

ಹಾಲಿನಮ್ಮ ಅದರ ಪಕ್ಕ ಕೂತು ಕಿವಿ ಸವರಿದರು. "ಏಳವ್ವಾ... ಏಳು. ನಮ್ಮನೆ ಅಲ್ವಂತೆ."

ನನಗೆ ಯಾರ ಮೇಲಾದರೂ ಹರಿಹಾಯಬೇಕೆನಿಸಿತು. ನನ್ನ ದೊಡ್ಡ ಗಂಟಲು ಅವತ್ತೇ ಕೈಕೊಟ್ಟಿತು.

ಆ ವಾರವೇ ಹಸುಗಳು ದೊಡ್ಡಬಳ್ಳಾಪುರದಾಚೆ, ಅವರ ತಮ್ಮನ ಊರಿಗೆ ಟೆಂಪೋ ಹತ್ತಿದವು. ಹಿಂದೆ ನನ್ನ ಕಾರಿನಲ್ಲಿ ಹಾಲಿನಮ್ಮ, ಡಿಕ್ಕಿಯಲ್ಲಿ ಬೂಸಾ ಚೀಲ. ಹಸು ಆ ಊರಲ್ಲೇ ಕರು ಹಾಕಿತು. ಹಾಲಿನಮ್ಮ ಬಸ್ಸಿನಲ್ಲಿ ಗಿಣ್ಣುಹಾಲು ತಂದು ಬೀದಿಗೆಲ್ಲ ಹಂಚಿದರು, ಎದುರು ಮನೆಗೂ. ಅವರಿಗ್ಯಾಕ್ರೀ ಎಂದು ರೇಗಿದೆ. "ಇರ್ಲಿ ಬುಡಿ, ಅವ್ರ ಮನೇಗೂ ಕಾಲಿಟ್ಟಿತ್ತಲ್ಲ" ಎಂದರು. ಹಸು ನೋಡಲು ಅವರು ಹೋಗಿಬರುವುದು ಬರಬರುತ್ತಾ ಕಮ್ಮಿಯಾಯಿತು. "ನಾನ್ ಅಲ್ಲಿಗ್ ಓದ್ರೆ ಅಸ ಈಗ ತಿರುಗೂ ನೋಡಲ್ಲ ಕಣ್ರೀ" ಎಂದು ಒಮ್ಮೆ ಅತ್ತರು. ಆಮೇಲೆ ಹಾಸಿಗೆ ಹಿಡಿದವರು ಏಳಲೇ ಇಲ್ಲ... ಗ್ಯಾರೇಜಿನಲ್ಲಿ ಈಗ ಯಾರದೋ ಕಾರು ನಿಲ್ಲುತ್ತದೆ.

ಬೂಸಾ ನೋಡುತ್ತಾ ನಿಂತಿದ್ದಾಗಲೇ ಫೋನ್ ಬಂತು. ಅದೇ ಎದುರು ಮನೆ ಯಜಮಾನರು. ಮಗನ ಫ್ಲಾಟಿನ ಗೃಹಪ್ರವೇಶವಂತೆ. "ಎಲ್ಲೂ ಹಸು ಸಿಗ್ತಾ ಇಲ್ಲ ಟೀಚರ್. ಆಯಮ್ಮನ ಕಡೆಯೋರು ಯಾರಾದ್ರೂ ಗೊತ್ತಾ?"

"ಹಸು ಇಲ್ರೀ" ಎಂದೆ. "ಗ್ಯಾರೇಜ್ ಐತಿ, ಬೇಕೇನು?"

ಫೋನ್ ಇಟ್ಟೆ. ಈ ಮಾತನ್ನು ಕೇಳಿ ನಗಲು ಹಾಲಿನಮ್ಮ ಇರಬೇಕಿತ್ತು. ಬೂಸಾ ಗುಡಿಸಲು ಮನಸ್ಸಾಗಲಿಲ್ಲ. ಸ್ಟೆಪ್ನಿಯನ್ನು ಮತ್ತೆ ಅದರ ಮೇಲೇ ಇಟ್ಟು ಡಿಕ್ಕಿ ಮುಚ್ಚಿದೆ.