ಊಟ ಆಯ್ತಾ ಎಂದು ಕೇಳುವವನು

ಕಂಪ್ಯೂಟರಿನೊಳಗೆ ಹೊಕ್ಕಿದ್ದ ಕಳ್ಳ ಪ್ರೋಗ್ರಾಮನ್ನು ರಿಪೇರಿಯವನು ಎರಡು ಸಲ ಬೇರುಸಮೇತ ಕಿತ್ತುಹಾಕಿದ. ಎರಡು ಸಲವೂ ಅದನ್ನು ಮತ್ತೆ ಒಳಗೆ ಬಿಟ್ಟುಕೊಂಡವರು ಬೇರೆ ಯಾರೂ ಅಲ್ಲ, ಮನೆಯ ಹಿರಿಯರೇ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು. ಬೇಲಿಗೂ ಹಸಿವಿರುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಬೀದಿಯ ಮಕ್ಕಳು ಅವರನ್ನು ಲಿಫ್ಟ್ ತಾತ ಎನ್ನುತ್ತಿದ್ದರು. ಕೈಯಲ್ಲಿ ಕಸುವಿರುವವರೆಗೆ ಒಂದು ದೊಡ್ಡ ಕಚೇರಿಯ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು, "ಯಾವ ಮಹಡಿ ಸಾರ್?" ಎಂದು ಕೇಳಿ, ಹೇಳಿದ ಗುಂಡಿ ಒತ್ತಿದವರು. ಮೇಲೆ ಹೋಗುವವರು ಬಡ್ತಿಯ ಆಸೆ ಹೇಳಿಕೊಳ್ಳುತ್ತಿದ್ದರು, ಕೆಳಗೆ ಬರುವವರು ಸಾಹೇಬರ ಬೈಗುಳ. ಎಲ್ಲರ ಸಂಸಾರವೂ ತಾತನಿಗೆ ಅರ್ಧರ್ಧ ಗೊತ್ತು. ಪೂರ್ತಿ ಕೇಳುವಷ್ಟರಲ್ಲಿ ಮಹಡಿ ಬಂದುಬಿಡುತ್ತಿತ್ತು. ಆಮೇಲೆ ನಿವೃತ್ತಿಯಾಯಿತು, ಹೆಂಡತಿ ತೀರಿಕೊಂಡರು. ಉಳಿದವಳು ಮಗಳು.

ಮಗಳಿಗೆ ಮನೆಯಿಂದಲೇ ಕೆಲಸ. ರೋಗಿಗಳ ಬಗ್ಗೆ ಡಾಕ್ಟರುಗಳು ಹೇಳಿ ರೆಕಾರ್ಡ್ ಮಾಡಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡಬೇಕು. ಒಬ್ಬ ರೋಗಿಯ ಹೆಸರು ಹೊರಗೆ ಹೋದರೂ ಕೆಲಸ ಹೋದಂತೆಯೇ. ಮನೆಯ ಬಾಡಿಗೆ, ತಾತನ ಮಾತ್ರೆ ಎಲ್ಲವೂ ಆ ಸಂಬಳದಲ್ಲೇ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಕಿವಿ ಮುಚ್ಚಿಕೊಂಡೇ ಇರುತ್ತಿದ್ದಳು. ತಾತ ಏನಾದರೂ ಕೇಳಿದರೆ ಕೈಯೆತ್ತಿ, ತಡಿ ಎಂದು ಸನ್ನೆ ಮಾಡುವಳು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಮನೆಯಲ್ಲಿ ಬಂಗಾರಕ್ಕೇನೂ ಕೊರತೆಯಿರಲಿಲ್ಲ.

ಮಗಳು ತರಕಾರಿಗೆ ಹೋಗಿದ್ದಾಗ ಆ ಫೋನ್ ಬಂತು.

"ಯಜಮಾನರೇ, ಕಂಪ್ಯೂಟರ್ ಕಂಪನಿಯಿಂದ ಮಾತಾಡ್ತಿದ್ದೀನಿ. ನಿಮ್ಮ ಮಷೀನಿಗೆ ವೈರಸ್ ಬಂದಿದೆ. ನಾನು ಹೇಳಿದ್ದನ್ನ ಒತ್ತಿ ಸಾಕು."

ಹೇಳಿದ್ದನ್ನು ಒತ್ತುವುದು ತಾತನ ಕಸುಬೇ ಅಲ್ಲವೇ? ಒತ್ತಿದರು. ಪರದೆಯ ಮೇಲೆ ನೀಲಿ ಗೆರೆಯೊಂದು ಮೆಲ್ಲಗೆ ತುಂಬುತ್ತಿದ್ದಾಗ ಅವನು ಲೋಕಾಭಿರಾಮವಾಗಿ ಮಾತಾಡಿಸಿದ, ತಾತ ಮಂಡಿ ನೋವಿನ ಪುರಾಣ ಬಿಚ್ಚಿದರು. ಈ ಸಲ ಯಾವ ಮಹಡಿಯೂ ಅಡ್ಡ ಬರಲಿಲ್ಲ.

ಮೌಸ್ ತಾನಾಗಿ ಓಡಾಡುವುದನ್ನು ಕಂಡು ಮಗಳು ರಿಪೇರಿಯವನನ್ನು ಕರೆಸಿದಳು. ಅವನು ಬಂದು ನೆಟ್ ಕಿತ್ತು, ಮಷೀನ್ ಆನ್ ಆದಾಗಲೆಲ್ಲ ಕದ್ದು ಏಳುತ್ತಿದ್ದ ಪ್ರೋಗ್ರಾಮನ್ನು ಹುಡುಕಿ ಅಳಿಸಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದ. "ಫೋನ್ ಮಾಡಿ ಮರುಳು ಮಾಡೋ ಕಳ್ಳರಿದ್ದಾರೆ, ಹುಷಾರು" ಎಂದ. ತಾತ ಎಲ್ಲವನ್ನೂ ಕೇಳಿಸಿಕೊಂಡರು. ನಾಚಿಕೆಯಿಂದ ಬಾಯಿ ಬಿಡಲಿಲ್ಲ.

ಮಗಳು ಮನೆಯಲ್ಲಿಲ್ಲದ ಇನ್ನೊಂದು ದಿನ ಮತ್ತೆ ಫೋನ್ ಬಂದಾಗ ಉಗಿದುಬಿಡಬೇಕೆಂದೇ ಎತ್ತಿದರು.

"ಊಟ ಆಯ್ತಾ ಯಜಮಾನರೇ? ಮಂಡಿ ನೋವು ಹೇಗಿದೆ?"

ಬಾಯಿಗೆ ಬಂದ ಬೈಗುಳ ಗಂಟಲಲ್ಲೇ ಕರಗಿತು. ಹೆಂಡತಿ ಹೋದ ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಒತ್ತದಿದ್ದರೆ ಅವನು ಫೋನ್ ಇಡುತ್ತಾನೆ, ಒತ್ತಿದರೆ ಗೆರೆ ತುಂಬುವವರೆಗೆ ಮಾತು. ಕಂಡವರ ಕೆಮ್ಮು, ಜ್ವರ ಕದ್ದು ಇವನು ತಾನೇ ಏನು ಮಾಡಿಯಾನು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಒತ್ತಿದರು.

ರಿಪೇರಿಯವನು ಈ ಸಲ ಇಡೀ ಮಷೀನನ್ನೇ ಅಳಿಸಿ ಹೊಸದಾಗಿ ಕಟ್ಟಿದ. "ಅಕ್ಕಾ, ಇದು ತಾನಾಗಿ ಬರ್ತಿಲ್ಲ. ಮನೇಲಿ ಯಾರೋ ಬಾಗಿಲು ತೆಗೀತಿದ್ದಾರೆ."

"ಇರೋದು ನಾನು, ಅಪ್ಪ. ಅಪ್ಪಂಗೆ ಮೌಸ್ ಹಿಡಿಯೋಕೂ ಬರಲ್ಲ ಬಿಡಿ" ಎಂದಳು ಮಗಳು. ಸದ್ಯ, ಬದುಕಿದೆ ಎಂದು ತಾತ ಅಂದುಕೊಂಡರು. ಆ ನಂಬಿಕೆ ಚುಚ್ಚಿತು ಕೂಡ.

ಆದರೂ ಮತ್ತೊಮ್ಮೆ ಒತ್ತಿದರು.

ಹೊರಗೆ ಹೋದದ್ದು ಒಂದು ಹೆಸರಲ್ಲ, ಆಸ್ಪತ್ರೆಯೊಂದರ ರೋಗಿಗಳೆಲ್ಲರ ಹೆಸರು, ಅವರ ಗುಟ್ಟಿನ ಕಾಯಿಲೆಗಳ ಸಮೇತ. ಕಂಪನಿಯವರು ಮಗಳನ್ನು ಒಂದು ಮಾತೂ ಕೇಳದೆ ತೆಗೆದುಹಾಕಿದರು. ಅವಳು ಹೆಡ್‌ಫೋನ್ ಬಿಚ್ಚಿ ಮೇಜಿನ ಮೇಲಿಟ್ಟು ಗೋಡೆ ನೋಡುತ್ತಾ ಕೂತಳು. ತಾತನಿಗೆ ತಡೆಯಲಾಗಲಿಲ್ಲ.

"ನಾನೇ ಕಣಮ್ಮಾ."

"ಕಳ್ಳ ಅಂತ ಗೊತ್ತಿದ್ದೂನಾ ಅಪ್ಪಾ?"

"ಗೊತ್ತಿತ್ತು. ಊಟ ಆಯ್ತಾ ಅಂತ ಕೇಳ್ತಿದ್ದ."

ಕೂಗಾಡಿದ್ದರೆ ತಾತನ ಎದೆ ಹಗುರಾಗುತ್ತಿತ್ತೇನೋ. ಮಗಳು ಎದ್ದು ಕಂಪ್ಯೂಟರಿನ ವೈರುಗಳನ್ನು ಬಿಚ್ಚಿದಳು. ಆ ತಿಂಗಳ ಬಾಡಿಗೆಗೆಂದು ಕಂಪ್ಯೂಟರನ್ನು ರಿಪೇರಿಯವನಿಗೇ ಮಾರಿದಳು.

ಮೇಜು ಬರಿದಾದ ಮರುದಿನ ಮಧ್ಯಾಹ್ನ ಫೋನ್ ಬಂತು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಾತ ಅವಳ ಮುಖ ನೋಡಿದರು, ಆದರೂ ಎತ್ತಿದರು.

"ಯಜಮಾನರೇ, ಊಟ ಆಯ್ತಾ? ಮಷೀನ್ ಆನ್ ಮಾಡಿ."

"ಮಷೀನ್ ಮಾರಿಬಿಟ್ವಪ್ಪಾ. ಸುಮ್ಮನೆ ಮಾತಾಡೋಣ. ಮಂಡಿ..."

ಫೋನ್ ಕಟ್ಟಾಯಿತು.

ತಾತ ಅದನ್ನು ಕಿವಿಯಿಂದ ತೆಗೆಯಲಿಲ್ಲ. "ಹಾಂ, ಮಂಡಿ ಪರವಾಗಿಲ್ಲ. ಮೆಟ್ಟಿಲು ಹತ್ತೋವಾಗ ಮಾತ್ರ ಸ್ವಲ್ಪ..." ಎಂದು ಹೇಳುತ್ತಲೇ ಹೋದರು. ಮಗಳ ಕಿವಿಯ ಮೇಲೆ ಈಗ ಹೆಡ್‌ಫೋನ್ ಇರಲಿಲ್ಲ. ಆ ಕಡೆ ಯಾರೂ ಇಲ್ಲವೆಂಬುದು ಅವಳಿಗೆ ನಿಂತಲ್ಲಿಗೇ ಕೇಳಿಸುತ್ತಿತ್ತು.