ಹಾಡಿನ ನಡುವಿನ ವಯಲಿನ್

ಹಳೆಯ ಹಾಡು ಕೇಳಿದರೆ ಮನಸ್ಸು ಹಗುರವಾಗುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಯಾರೂ ಒಂದು ಸಾಲು ಗುನುಗಿಲ್ಲ. ರೇಡಿಯೊ ಅಟ್ಟ ಸೇರಿತು, ಕ್ಯಾಸೆಟ್ಟುಗಳು ಗುಜರಿಗೆ ಹೋದವು. ಪಕ್ಕದ ಮನೆಯವರು ಮೊಬೈಲಿನಲ್ಲಿ ಹಳೆಯ ಚಿತ್ರಗೀತೆ ಹಾಕಿದರೆ ಅಮ್ಮ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದಳು.

ಅದಕ್ಕೂ ಮೊದಲು ನಮ್ಮದು ಹಾಡಿನ ಮನೆಯೇ. ಅಪ್ಪ ಮೀನುಗಾರಿಕೆ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ರೇಡಿಯೊದಲ್ಲಿ ಕೋರಿಕೆಯ ಹಾಡುಗಳಿಗಾಗಿ ಊರೆಲ್ಲ ಕಾಯುತ್ತಿದ್ದ ಕಾಲದಲ್ಲಿ ಕಿವಿಯಿಂದಲೇ ಕಲಿತವನು. ಕ್ಯಾಸೆಟ್ ಬಂದ ಮೇಲಂತೂ ಕೇಳುವುದೇ ಬೇಡ. ಬಂದರ್‌ನ ಅಂಗಡಿಯಲ್ಲಿ ತನಗೆ ಬೇಕಾದ ಹಾಡುಗಳನ್ನು ತುಂಬಿಸಿಕೊಂಡು ಬಂದು, ತಿರುಗಿಸಿ ತಿರುಗಿಸಿ ಟೇಪನ್ನೇ ಸವೆಸುತ್ತಿದ್ದ. ಹಾಡು ಮಾತ್ರವಲ್ಲ, ಚರಣಗಳ ನಡುವೆ ಬರುವ ವಯಲಿನ್ನನ್ನೂ ಬಾಯಲ್ಲೇ ನುಡಿಸುತ್ತಿದ್ದ. ವಯಲಿನ್ ಬಿಟ್ಟು ಹಾಡಿದರೆ ಹಾಡಿಗೇ ಅವಮಾನ ಎಂಬ ಹಟ ಅವನದು.

ಬಲೆ ಎಳೆದು ಮುಗಿದ ಸಂಜೆಗಳಲ್ಲಿ ಬೋಟಿನ ವೈರ್‌ಲೆಸ್ಸಿನಲ್ಲಿ ಅವನ ಕಚೇರಿ. ಸುತ್ತಲಿನ ಬೋಟಿನವರೆಲ್ಲ ಕೆಲಸ ಬಿಟ್ಟು ಕೇಳುತ್ತಿದ್ದರಂತೆ. ವೈರ್‌ಲೆಸ್ಸಿನಲ್ಲಿ ಮೈಕಿನ ಗುಂಡಿ ಒತ್ತಿ ಹಿಡಿದವನ ದನಿ ಮಾತ್ರ ಹೋಗುತ್ತದೆ. ಬೆರಳು ತೆಗೆಯುವವರೆಗೆ ಅವನಿಗೆ ಬೇರೆ ಯಾರದೂ ಕೇಳಿಸುವುದಿಲ್ಲ. ಉಳಿದ ಹಾಡುಗಾರರು ಒಂದು ಚರಣ ಮುಗಿದೊಡನೆ ಗುಂಡಿ ಬಿಟ್ಟು ಉಸಿರೆಳೆದುಕೊಳ್ಳುತ್ತಿದ್ದರು. ಅಪ್ಪ ಬಿಡುತ್ತಿರಲಿಲ್ಲ, ಅಲ್ಲಿ ವಯಲಿನ್ ಇರುತ್ತಿತ್ತು. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಇನ್ನೊಂದು ಬೋಟಿನ ತಾಂಡೇಲ. ಊಟಕ್ಕೆ ಕೂತಾಗ ಅವನದು ಇದೇ ಕೀಟಲೆ.

"ಎಂತದು ಅಣ್ಣ, ನಿನ್ನ ವಯಲಿನ್ ಹೊತ್ತಿಗಾದರೂ ನಮಗೆ ಮಾತಾಡ್ಲಿಕ್ಕೆ ಬಿಡು ಮಾರಾಯ."

"ನಿನ್ನ ಮಾತು ದಿನಾ ಉಂಟು. ಸುಮ್ಮನೆ ಕೇಳು," ಎನ್ನುತ್ತಿದ್ದ ಅಪ್ಪ.

ಒಂದು ಸಂಜೆ ಕಡಲಿನಲ್ಲಿ ಚಿಕ್ಕಪ್ಪನ ಬೋಟಿನ ತಳದ ಹಲಗೆ ಬಿಟ್ಟಿತು. ಕೆಲಸದವರು ಬಲೆಯನ್ನು ತೇಲಿಸುವ ಬುರುಡೆಗಳನ್ನು ಹಿಡಿದು ತೇಲಿದರು, ಹತ್ತಿರ ಬಂದ ಬೇರೊಂದು ಬೋಟು ಅವರನ್ನು ಎತ್ತಿಕೊಂಡಿತು. ಚಿಕ್ಕಪ್ಪ ಮೈಕ್ ಹಿಡಿದು ಕ್ಯಾಬಿನ್ನಿನಲ್ಲೇ ಉಳಿದಿದ್ದ, ಬೋಟಿನ ಜೊತೆ ಅವನೂ ಮುಳುಗಿದ. ಬೋಟುಗಳು ತಂಗುವ ದಕ್ಕೆಯಲ್ಲಿ ಚಿಕ್ಕಪ್ಪನ ಬೋಟಿನ ಅಡುಗೆಯವನು ಅಪ್ಪನ ಕೈ ಹಿಡಿದು ಅಳುತ್ತ ಹೇಳಿದ್ದನ್ನು ನಾನೂ ಕೇಳಿದೆ.

"ಮೊದಲು ಸ್ವಲ್ಪವೇ ನೀರು. 'ಪಂಪ್ ಉಂಟಲ್ಲ, ಅಣ್ಣ ಹಾಡು ಮುಗಿಸಲಿ, ಮತ್ತೆ ಕರೀತೇನೆ' ಅಂತ ಹೇಳಿದ್ರು. ಆಮೇಲೆ ನೀರು ಏರಿತು. ಕರೆದ್ರು, ತುಂಬ ಕರೆದ್ರು. ಸೆಟ್ಟಲ್ಲಿ ನಿಮ್ಮ ವಯಲಿನ್ ಹೋಗ್ತಾ ಇತ್ತು."

ಪಾಪ, ಅವನು ಸಮಾಧಾನಕ್ಕೆಂದೇ ಹೇಳಿದ್ದು, ತಮ್ಮನಿಗೆ ಅಣ್ಣನ ಹಾಡೆಂದರೆ ಅಷ್ಟು ಪ್ರೀತಿ ಎಂದು. ಆದರೂ ಅವನ ಬಾಯಿಗೆ ಬೆಂಕಿ ಬೀಳಲಿ ಎಂದು ನಾನು ಎಷ್ಟೋ ಸಲ ಶಪಿಸಿದ್ದೇನೆ. ಅಪ್ಪ ಮತ್ತೆ ಬೋಟು ಹತ್ತಲಿಲ್ಲ, ಬೈಕಂಪಾಡಿಯ ಗೋದಾಮೊಂದರಲ್ಲಿ ಕಾವಲಿಗೆ ಸೇರಿದ. ನಿನ್ನ ತಪ್ಪಲ್ಲ ಎಂದು ನಂಟರಿಷ್ಟರೆಲ್ಲ ಹೇಳಿದರು. ಹೂಂ ಎನ್ನುತ್ತಿದ್ದ, ಅಷ್ಟೆ. ಹಾಡು ನಿಂತಿತು.

ಈ ವರ್ಷ ಅವನಿಗೆ ಸ್ಟ್ರೋಕ್ ಆಗಿ ಮಾತೂ ನಿಂತಿತು. ಫಳ್ನೀರಿನ ಆಸ್ಪತ್ರೆಯಲ್ಲಿ ಮಾತು ಕಲಿಸುವ ಥೆರಪಿಸ್ಟ್ ಒಬ್ಬಳು ಬಂದಳು.

"ಮಾತು ಹೋದವರಿಗೂ ಕೆಲವು ಸಲ ಹಾಡ್ಲಿಕ್ಕೆ ಬರ್ತದೆ. ಹಾಡಿನಿಂದಲೇ ಮಾತು ಬಂದದ್ದೂ ಉಂಟು. ಇವರಿಗೆ ಯಾವ ಹಳೆ ಹಾಡು ಇಷ್ಟ?"

ಅಪ್ಪನ ಬಾಯಿಂದ ಇನ್ನೊಂದು ಮಾತು ಕೇಳಬೇಕಾದರೆ ಅವನನ್ನು ಹಾಡಿಸಬೇಕು. ಹಾಡಿಸುವ ಧೈರ್ಯ ಯಾರಿಗೆ? ಯಾವುದೂ ಇಲ್ಲ ಎಂದುಬಿಟ್ಟೆ. ಕಿಟಕಿ ಮುಚ್ಚುತ್ತಿದ್ದ ಅಮ್ಮನೇ ಮುಂದೆ ಬಂದು, ಮದುವೆಯಾದ ಹೊಸತರಲ್ಲಿ ಅವನು ಹಾಡುತ್ತಿದ್ದ ಹಾಡು ಯಾವುದೆಂದು ಹೇಳಿದಳು.

ಥೆರಪಿಸ್ಟ್ ದಿನವೂ ಫೋನಿನಲ್ಲಿ ಅದರ ಪಲ್ಲವಿ ಹಾಕುತ್ತಿದ್ದಳು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ನಿಲ್ಲಿಸಿ ಎನ್ನಬೇಕೆಂದು ನಾನು ಬಾಯಿ ತೆರೆದ ಬೆಳಿಗ್ಗೆಯೇ ಅವನು ಅವಳ ಫೋನಿನ ಜೊತೆ ಸೇರಿಕೊಂಡ. ನಾಲಿಗೆ ತೊದಲುತ್ತಿತ್ತು, ಶ್ರುತಿ ಮಾತ್ರ ಕದಲಲಿಲ್ಲ. ಅವಳು ಮೆಲ್ಲಗೆ ಫೋನಿನ ಹಾಡು ನಿಲ್ಲಿಸಿದಳು. ಅವನೊಬ್ಬನೇ ಮೊದಲ ಚರಣದ ಕೊನೆಯವರೆಗೆ ಹಾಡಿ ನಿಂತ.

"ಮರೆತುಹೋಯ್ತಾ ಅಜ್ಜ?" ಎಂದು ಅವಳು ಎರಡನೆಯ ಚರಣ ನೆನಪಿಸಲು ಹೊರಟಳು. ಅಪ್ಪ ಕೈ ಎತ್ತಿ ತಡೆದ. ತಲೆ ವಾಲಿಸಿ ಕಿವಿಗೊಟ್ಟು ಕೂತ. ಕಾರಿಡಾರಿನಲ್ಲಿ ಸ್ಟ್ರೆಚರ್ ಹೋದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ವಯಲಿನ್ ನುಡಿಯಬೇಕಾದಷ್ಟು ಹೊತ್ತನ್ನೂ ಅವನು ಖಾಲಿ ಬಿಟ್ಟ. ಆಮೇಲೆ ನಮ್ಮ ತುಳುವಿನಲ್ಲಿ, "ಪಣ್ಲ," ಎಂದ. ಹೇಳು, ಎಂದು.

ಮಾತು ಬಂತೆಂದು ಥೆರಪಿಸ್ಟ್ ಚಪ್ಪಾಳೆ ತಟ್ಟಿದಳು. ಯಾರಿಗೆ ಹೇಳಿದ್ದೆಂದು ಅಮ್ಮನಿಗೂ ನನಗೂ ಗೊತ್ತಿತ್ತು. ಉತ್ತರ ಬರಲಿಲ್ಲವೆಂದು ಅಪ್ಪ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದ.